ಬುಧವಾರದ ದೇವರು

ನಮ್ಮ ಮಾವ ಅರ್ಜುನಪ್ಪನವರು ಬಸವನಗುಡಿಯ ಅರ್ಧ ಮನೆಗಳಿಗೆ ಸೊಪ್ಪು ತರಕಾರಿ ಹಾಕುತ್ತಿದ್ದರು. ಆದರೆ ಸೊಪ್ಪು ಎನ್ನುವುದು ತಿನ್ನುವ ಪದಾರ್ಥ ಎಂದು ಅವರು ಯಾವತ್ತೂ ಒಪ್ಪಿದವರಲ್ಲ. ಅದು ಬೆಳೆಯುವ ಪದಾರ್ಥ, ಮಾರುವ ಪದಾರ್ಥ. ತಿನ್ನುವುದಕ್ಕೆ ಬೇರೆ ಜನ ಇದ್ದರು. ಕಚೇರಿಯ ಗುಮಾಸ್ತರು, ಮೇಷ್ಟರುಗಳು, ಹಿತ್ತಲ ಬಾಗಿಲಲ್ಲೇ ನಿಂತು ಚೌಕಾಶಿ ಮಾಡುವ ಅವರ ಮನೆಯ ಮಡಿ ಹೆಂಗಸರು. ನಮ್ಮ ಮನೆಗೆ ಭಾನುವಾರ ಕುರಿ, ಮಿಕ್ಕ ದಿನ ಕೆರೆಯ ಮೀನು, ಅದು ಸಿಗದಿದ್ದರೆ ಒಣಮೀನು, ಏನೂ ಇಲ್ಲದ ದಿನ ಮೊಟ್ಟೆ. ಶನಿವಾರ ತಿಮ್ಮಪ್ಪನ ವಾರ ಎಂದು ಬಿಡುತ್ತಿದ್ದರು. ಅವತ್ತು ಮಾವನ ಮುಖ ಸಂಜೆಯ ತನಕ ಇಳಿದೇ ಇರುತ್ತಿತ್ತು.

ಅದರಲ್ಲಿ ಅವರ ತಪ್ಪೂ ಪೂರ್ತಿ ಇರಲಿಲ್ಲ ಎಂದು ನನಗೆ ಆಮೇಲೆ ಅನ್ನಿಸಿದೆ. ತೋಟದವರ ಮನೆಯ ಊಟ ಹೇಗಿರುತ್ತದೆಂದು ತಿಂದವರಿಗೇ ಗೊತ್ತು. ಎಳೆಯ ಬದನೆಕಾಯಿ, ಇಬ್ಬನಿ ಆರದ ಸೊಪ್ಪು, ಉಗುರು ತಾಗಿದರೆ ನೀರೊಡೆಯುವ ಮೂಲಂಗಿ, ಎಲ್ಲ ಬೆಳಕು ಹರಿಯುವ ಮೊದಲೇ ಕುಕ್ಕೆ ತುಂಬಿ ಸಿದ್ದಿಕಟ್ಟೆ ಸಂತೆಗೆ ಹೋಗಬೇಕು. ಹುಳು ಕೊರೆದದ್ದು, ಬಲಿತು ಬೀಜವಾದದ್ದು, ಸಂತೆಯಲ್ಲಿ ಯಾರಿಗೂ ಬೇಡವಾಗಿ ಸೊರಗಿ ಹಿಂದಕ್ಕೆ ಬಂದದ್ದು ಮನೆಗೆ. ಹುಟ್ಟಿದಾಗಿನಿಂದ ಹುಳುಕು ಬದನೆಕಾಯಿ ತಿಂದವನಿಗೆ ತರಕಾರಿಯ ಮೇಲೆ ಪ್ರೀತಿ ಎಲ್ಲಿಂದ ಬರಬೇಕು?

ನಾನೂ ಕಮ್ಮಿಯವಳಲ್ಲ. ನನ್ನ ತವರು ಬಿನ್ನಿಪೇಟೆ. ಭಾನುವಾರ ನಮ್ಮ ಒಲೆಯಿಂದ ಮಸಾಲೆಯ ವಾಸನೆ ಬರದಿದ್ದರೆ ಯಾರಿಗೆ ಏನಾಯಿತೋ ಎಂದು ನೆರೆಯವರು ವಿಚಾರಿಸಿಕೊಂಡು ಬರುತ್ತಿದ್ದರು. ಪ್ಲೇಗು ಬಂದು ಹದಿನಾಲ್ಕು ವರ್ಷವಾದ ಮೇಲೆ, ಒಂದು ಮಾಘದಲ್ಲಿ, ಅರ್ಜುನಪ್ಪನವರ ಮಗ ಧರ್ಮರಾಜುವನ್ನು ಮದುವೆಯಾಗಿ ಕೆಂಪಾಂಬುಧಿ ಕೆರೆಯ ಹಿಂದಿನ ಈ ತೋಟದ ಮನೆಗೆ ಬಂದೆ. ಸುಬ್ಬಮ್ಮ ಸಣ್ಣಗಿದ್ದರೂ ಬಾಯಿ ದೊಡ್ಡದು ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಆ ಬಾಯಿ ಏನು ಮಾಡಿತೆಂದು ಮುಂದೆ ಹೇಳುತ್ತೇನೆ.

ಅದೇ ಬೇಸಿಗೆಯಲ್ಲಿ ಮಾವನ ಕಾಲು ಊದಿತು. ನಮ್ಮ ತೋಟಕ್ಕೆ ನೀರು ಬರುತ್ತಿದ್ದದ್ದು ಏತದಿಂದ. ಬಾವಿಯ ಮೇಲೆ ತಕ್ಕಡಿಯ ಕೋಲಿನಂತೆ ಒಂದು ಉದ್ದನೆಯ ಮರ, ಅದರ ತುದಿಗೆ ಕಟ್ಟಿದ ಬಾನಿ. ಮಾವ ಆ ಮರದ ಮೇಲೆ ಬರಿಗಾಲಲ್ಲಿ ನಡೆಯುವರು. ಅವರು ಮುಂದೆ ನಡೆದರೆ ಬಾನಿ ನೀರಿಗೆ ಮುಳುಗುವುದು, ಹಿಂದೆ ನಡೆದರೆ ತುಂಬಿಕೊಂಡು ಮೇಲೇಳುವುದು, ಕೆಳಗೆ ನನ್ನ ಗಂಡ ಅದನ್ನು ಕಾಲುವೆಗೆ ಬಗ್ಗಿಸುವರು. ಹದಿನೈದನೆಯ ವಯಸ್ಸಿನಿಂದ ಮಾವ ಹಾಗೆ ಗಾಳಿಯಲ್ಲಿ ನಡೆದವರು. ಅಂಥವರ ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಪಂಚೆಯ ಅಂಚು ತಗುಲಿದರೂ ಹಲ್ಲು ಕಚ್ಚುವಂತಾಯಿತು. ಏತಕ್ಕೆ ಕೂಲಿಯವನನ್ನು ಇಟ್ಟರು. ಅವನು ಬಂದ ದಿನ ಬಂದ, ಬರದ ದಿನ ಇಲ್ಲ. ಕೆರೆ ಕಡೆಯ ಸೊಪ್ಪಿನ ಮಡಿಗಳೆಲ್ಲ ಒಣಗಿದವು. ಮಾವ ಬಾವಿಕಟ್ಟೆಯ ಮೇಲೆ ಕಾಲು ಚಾಚಿ ಕೂತು ಆ ಮರವನ್ನೇ ನೋಡುವರು. ಏತ ಹತ್ತಲಾಗದವನು ತೋಟಕ್ಕೆ ಬೆದರುಬೊಂಬೆ, ಇನ್ನೇನೂ ಅಲ್ಲ ಎಂದು ಒಂದು ದಿನ ಅಂದರು. ಅತ್ತೆ ಪಿಳ್ಳಮ್ಮ ಅದನ್ನು ಕೇಳಿಸಿಕೊಂಡರು.

ಅವರೇ ಮಾವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಚಾಮರಾಜಪೇಟೆಯ ಬದರೀನಾರಾಯಣ ಪಂಡಿತರ ಹತ್ತಿರ ಕರೆದುಕೊಂಡು ಹೋದರು. ಪಂಡಿತರು ಕಷಾಯ ಕೊಟ್ಟರು. ಕಷಾಯ ಬರೀ ನೆಪ, ಬಾಡು ಹೆಂಡ ಬಿಟ್ಟು ಸೊಪ್ಪು ತರಕಾರಿ ತಿಂದರೆ ಕಾಲು ನೆಲಕ್ಕೆ ಬರುತ್ತದೆ, ಇಲ್ಲದಿದ್ದರೆ ಎರಡನೇ ಕಾಲೂ ಇದೇ ದಾರಿ ಹಿಡಿಯುತ್ತದೆ ಎಂದರು. ಮಾವನಿಗೆ ಎಲ್ಲಿಲ್ಲದ ಕೋಪ. ಇಪ್ಪತ್ತು ವರ್ಷದಿಂದ ಆ ಮನೆಗೆ ಸೊಪ್ಪು ಹಾಕುತ್ತಿದ್ದೇನೆ, ಈಗ ನನ್ನ ಸೊಪ್ಪನ್ನು ನನಗೇ ಔಷಧಿ ಎಂದು ಹೇಳಿ ದಕ್ಷಿಣೆ ಇಸಿದುಕೊಂಡರು ಎಂದು ದಾರಿಯುದ್ದಕ್ಕೂ ಬೈದರಂತೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಹೆಂಡವನ್ನೇನೋ ಹಟಕ್ಕೆ ಬಿಟ್ಟರು. ಬಾಡಿನ ಮಾತು ಯಾರೂ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದರು.

ಅತ್ತೆ ಎತ್ತಲಿಲ್ಲ. ಆ ಹೆಂಗಸು ಯಾವ ಮಾತನ್ನೂ ಎದುರಿನಿಂದ ಎತ್ತಿದವರಲ್ಲ. ಮುಂದಿನ ಸೋಮವಾರ ತಲೆಗೆ ಸ್ನಾನ ಮಾಡಿ, ಗವಿ ಗಂಗಾಧರೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದು, ಇನ್ನು ಮೇಲೆ ಸೋಮವಾರ ಈಶ್ವರನ ವಾರ, ಮನೆಯಲ್ಲಿ ಮೀನು ಬೇಯುವಂತಿಲ್ಲ ಎಂದರು. ಮಾವ ಗೊಣಗಿದರು, ಆದರೆ ದೇವರ ಮುಂದೆ ಅವರದು ಯಾವತ್ತೂ ಬಗ್ಗಿದ ತಲೆ. ಅವತ್ತು ಅತ್ತೆ ಇನ್ನೊಂದು ಕೆಲಸ ಮಾಡಿದರು. ಸಂತೆಗೆ ಹೊರಟ ಕುಕ್ಕೆಯ ಮೇಲಿಂದ ಎಂಟು ಎಳೆ ಬದನೆಕಾಯಿ ತೆಗೆದು ಮಡಿಲಿಗೆ ಹಾಕಿಕೊಂಡರು. ಹುಚ್ಚೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿದರು. ಮಾವ ಮುದ್ದೆ ಮುರಿದು ಅದರಲ್ಲಿ ಅದ್ದಿ ನುಂಗಿ, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು.

"ಇದು ಯಾರ ತೋಟದ್ದು?"

ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ. ನಲವತ್ತು ವರ್ಷ ಬದನೆ ಬೆಳೆದವರು ತಮ್ಮ ತೋಟದ ಕಾಯಿಯ ರುಚಿಯನ್ನು ಅವತ್ತು ಮೊದಲ ಸಲ ನೋಡಿದ್ದರು.

ಅತ್ತೆಗೆ ಆತುರವಿರಲಿಲ್ಲ. ಮೂರು ತಿಂಗಳು ಬಿಟ್ಟು ಶುಕ್ರವಾರ ಬನಶಂಕರಮ್ಮನಿಗೆ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಗುರುವಾರವನ್ನು ಧರ್ಮರಾಯಸ್ವಾಮಿಗೆ ಬಿಟ್ಟರು. ಕುಲದೇವರಿಗೇ ಒಂದು ವಾರ ಇಲ್ಲ ಅಂದರೆ ನಾಲ್ಕು ಜನ ಏನಂದಾರು ಎಂದು ಅವರು ಕೇಳಿದಾಗ ಮಾವನೇ ಹೂಂ ಎಂದರು. ಒಂದೊಂದು ವಾರಕ್ಕೂ ಕುಕ್ಕೆಯ ಮೇಲಿನ ಸರಕು ಮಡಿಲಿಗೆ ಬರುತ್ತಿತ್ತು. ಮಸ್ಸೊಪ್ಪು, ಅವರೆಕಾಳಿನ ಬಸ್ಸಾರು, ಎಳೆ ಸೋರೆಕಾಯಿಯ ಪಲ್ಯ. ನಮ್ಮ ಮನೇಲಿ ದೇವರು ಜಾಸ್ತಿ ಆಗಿಬಿಟ್ಟರು ಎಂದು ಮಾವ ನನ್ನ ಗಂಡನ ಹತ್ತಿರ ಹೇಳಿಕೊಂಡರು. ಹೇಳಿಕೊಳ್ಳುತ್ತಲೇ ಎರಡನೇ ಸಲ ಸಾರು ಹಾಕಿಸಿಕೊಂಡರು.

ನನಗೆ ಮೊದಲೇ ಗೊತ್ತಿತ್ತು. ಪಂಡಿತರು ಹೇಳಿದ್ದನ್ನೇ ಈಕೆ ದೇವರ ಬಾಯಲ್ಲಿ ಹೇಳಿಸುತ್ತಿದ್ದಾರೆ ಎಂದು ತಿಳಿಯುವುದಕ್ಕೆ ಏನು ದೊಡ್ಡ ಬುದ್ಧಿ ಬೇಕು? ಆದರೆ ನನಗೆ ನಷ್ಟವಿರಲಿಲ್ಲ. ಬಾಡು ಬೇಯುವ ದಿನ ಗಂಡಸರು ಉಂಡೆದ್ದ ಮೇಲೆ ನಾವಿಬ್ಬರೂ ಅಡಿಗೆಮನೆಯಲ್ಲಿ ಕೂರುತ್ತಿದ್ದೆವು. ಕೂತ ತಕ್ಷಣ ಅತ್ತೆ ತಮ್ಮ ಪಾಲಿನ ತುಂಡುಗಳನ್ನು ಎತ್ತಿ ನನ್ನ ತಟ್ಟೆಗೆ ಹಾಕುವರು. ಹೊಸ ಸೊಸೆ, ಸಣ್ಣಗಿದ್ದೀಯೆ ಎನ್ನುವರು. ಮುಂದಿನ ವರ್ಷ ನಾನು ಬಸುರಿಯಾದೆ, ಆಗ ಮಗುವಿಗೆ ಎನ್ನುವರು. ಇಂಥ ಅತ್ತೆ ಯಾರಿಗುಂಟು ಎಂದು ಬಿನ್ನಿಪೇಟೆಯಲ್ಲೆಲ್ಲ ಡಂಗುರ ಹೊಡೆದೆ. ತಿಂದೆ, ಯೋಚನೆ ಮಾಡಲಿಲ್ಲ.

ಎರಡನೇ ವರ್ಷದ ಗೌರಿಹಬ್ಬದ ಹೊತ್ತಿಗೆ ಮಾವನ ಕಾಲಿನ ಊತ ಇಳಿದಿತ್ತು. ತಲೆಯ ಮೇಲೆ ಕುಕ್ಕೆ ಹೊತ್ತು ಬಸವನಗುಡಿಗೆ ಹೋಗಿ ಬರುವಂತಾದರು. ಒಂದು ದಿನ ಯಾರೂ ನೋಡುತ್ತಿಲ್ಲ ಎಂದುಕೊಂಡು ಏತದ ಮರದ ಮೇಲೆ ನಾಲ್ಕು ಹೆಜ್ಜೆ ಇಟ್ಟು ಇಳಿದರು. ಅತ್ತೆ ಸೌತೆಯ ಚಪ್ಪರದ ಮರೆಯಲ್ಲಿ ನಿಂತು ನೋಡುತ್ತಿದ್ದರು, ಅವರ ಹಿಂದೆ ನಾನು. ಇನ್ನೊಂದು ವಾರ ಸೇರಿಸಿದರೆ ಪೂರ್ತಿ ಹತ್ತಿಯೇ ಬಿಡುತ್ತಾರೆ ಎಂಬ ಆಸೆ ಅತ್ತೆಗೆ ಹುಟ್ಟಿದ್ದು ಅಲ್ಲೇ.

ಅದು ಬುಧವಾರ. ನನಗೆ ಏಳು ತಿಂಗಳು. ಮೂರು ದಿನದಿಂದ ಮೀನಿನ ಸಾರಿಗೆ ಬಾಯಿ ಹಂಬಲಿಸುತ್ತಿತ್ತು. ಗಂಡ ಕೆರೆಯಿಂದ ಮೀನು ತಂದಿದ್ದರು, ನಾನೇ ಬೂದಿ ಹಚ್ಚಿ ಉಜ್ಜಿ ತೊಳೆದು ಇಟ್ಟಿದ್ದೆ. ಅತ್ತೆ ಬಂದು, ಇವತ್ತಿನಿಂದ ಬುಧವಾರವೂ ವಾರ, ಮೀನನ್ನು ಪಕ್ಕದ ತೋಟದ ತಿಮ್ಮಕ್ಕನಿಗೆ ಕೊಟ್ಟು ಬಾ ಎಂದರು. ನನಗೆ ನೆತ್ತಿಗೇರಿತು.

"ಬುಧವಾರಕ್ಕೆ ಯಾವ ದೇವ್ರತ್ತೆ? ಬದರೀನಾರಾಯಣ ಪಂಡಿತರಾ?"

ಬಾಯಿ ಬಿಟ್ಟರೆ ಬಣ್ಣಗೇಡು. ಜಗಲಿಯಲ್ಲಿ ಮಾವ ಸೊಪ್ಪಿನ ಕಂತೆ ಕಟ್ಟುತ್ತ ಕೂತಿದ್ದಾರೆ ಎನ್ನುವುದನ್ನು ನಾನು ಮರೆತಿದ್ದೆ. ಅವರು ಎದ್ದು ಒಳಗೆ ಬಂದರು. ಸೋಮವಾರ ಹಿಡಿ ಎಂದು ಯಾರು ಹೇಳಿದರು ಎಂದು ಕೇಳಿದರು. ಅತ್ತೆ ಮೀನಿನ ಪಾತ್ರೆಗೆ ತಟ್ಟೆ ಮುಚ್ಚಿದರು. ಶುಕ್ರವಾರ ಯಾರು, ಗುರುವಾರ ಯಾರು ಎಂದು ಕೇಳಿದರು. ಕಿರುಚಾಡಿದ್ದರೆ ಚೆನ್ನಾಗಿತ್ತು, ಅವರು ಮೆಲ್ಲಗೆ ಮಾತಾಡಿದರು.

"ನನ್ನ ಮಾತು ಬಿಡು. ದೇವ್ರ ಹೆಸರಲ್ಲಿ ಸುಳ್ಳು ಹೇಳ್ದಲ್ಲ ಪಿಳ್ಳಮ್ಮ."

ಅಷ್ಟು ಹೇಳಿ ಟವೆಲು ಹೆಗಲಿಗೆ ಹಾಕಿಕೊಂಡು ಸಿದ್ದಾಪುರದಲ್ಲಿದ್ದ ತಮ್ಮ ಶ್ರೀರಾಮಪ್ಪನವರ ಮನೆಗೆ ಹೊರಟುಹೋದರು. ಹದಿಮೂರು ದಿನ ಅಲ್ಲೇ ಉಂಡರು. ಶ್ರೀರಾಮಪ್ಪನವರಿಗೆ ಅಣ್ಣನ ಮೇಲೆ ಬಹಳ ಭಕ್ತಿ. ದಿನಾ ಕುರಿಯ ಕಾಲಿನ ಸಾರು, ಈಲಿ ಹುರಿದದ್ದು, ಒಣಮೀನು. ಹತ್ತನೇ ದಿನಕ್ಕೆ ಮಾವನ ಹೆಬ್ಬೆರಳು ಮತ್ತೆ ಕೆಂಪಗಾಗಿದೆ, ಕೋಲು ಹಿಡಿದಿದ್ದಾರೆ ಎಂದು ಗಂಡ ಹೋಗಿ ನೋಡಿಕೊಂಡು ಬಂದು ಹೇಳಿದರು. ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ಒಂದು ಅಂದು ಹಗುರಾಗುತ್ತಿದ್ದೆ. ಒಂದೂವರೆ ವರ್ಷ ಆಕೆ ಕಟ್ಟಿದ್ದನ್ನು ನನ್ನ ನಾಲಿಗೆ ಒಂದೇ ಮಾತಿನಲ್ಲಿ ಕೆಡವಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದಿನಗಳಲ್ಲಿ ನನಗೆ ನನ್ನ ಮೇಲೇ ಹೇಸಿಗೆಯಾಗಿತ್ತು.

ಮಹಾಲಯ ಅಮಾವಾಸ್ಯೆ ಬಂತು, ಹಿರಿಯರ ಹಬ್ಬ. ಅವತ್ತು ಮಾವ ಮನೆಗೆ ಬರಲೇಬೇಕು. ತೀರಿಕೊಂಡ ಹಿರಿಯರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೆಲ್ಲ ಮಾಡಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ, ಇಡಬೇಕಾದವನು ಹಿರಿಯ ಮಗ. ಮಾವ ಕೋಲೂರಿಕೊಂಡು ಬಂದರು. ಅತ್ತೆ ಬೆಳಗಿನಿಂದ ಒಲೆಯ ಮುಂದಿದ್ದರು. ಮಾವನ ತಾಯಿ ಅಣ್ಣಮ್ಮಜ್ಜಿಗೆ ತಲೆಮಾಂಸ ಎಂದರೆ ಪ್ರಾಣ ಎಂದು ಪ್ರತಿ ವರ್ಷ ಮಾಡುವಂತೆ ತಲೆಮಾಂಸ, ವಡೆ, ಕಜ್ಜಾಯ. ಇಂಥ ಹೊತ್ತಿನಲ್ಲಿ ಸೊಪ್ಪಿನ ಮಾತೆತ್ತುವಷ್ಟು ದಡ್ಡಿಯಲ್ಲ ಆಕೆ. ಬಾಳೆ ಎಲೆಯಲ್ಲಿ ಎಲ್ಲ ಬಡಿಸಿ, ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ನಾವೆಲ್ಲ ಹೊರಗೆ ನಿಂತೆವು. ಮಾವ ಅತ್ತೆಯ ಕಡೆ ನೋಡಲಿಲ್ಲ.

ಬಾಗಿಲು ತೆಗೆದ ಮೇಲೆ ಎಡೆಯ ಪ್ರಸಾದವನ್ನು ಯಜಮಾನನೇ ತನ್ನ ಕೈಯಾರೆ ಎಲ್ಲರ ತಟ್ಟೆಗೂ ಹಾಕಬೇಕು. ವರ್ಷದಲ್ಲಿ ಅದೊಂದು ಹೊತ್ತು ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತೇವೆ. ಮಾವ ಗೋಡೆ ಹಿಡಿದು ಬಗ್ಗಿ ಮಗನಿಗೆ ಹಾಕಿದರು, ನನಗೆ ಹಾಕಿದರು, ಅತ್ತೆಗೆ ಒಂದು ಒಳ್ಳೆಯ ತುಂಡು ಹಾಕಿದರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, ಅಭ್ಯಾಸದ ಕೈ, ಎತ್ತಿ ನನ್ನ ತಟ್ಟೆಗೆ ಹಾಕಿಬಿಟ್ಟರು.

ಮಾವನ ಕೈ ನಿಂತಿತು. "ಅದು ಅವ್ವನ ಎಡೇದು. ಅದನ್ಯಾಕೆ ದಾಟಿಸ್ದೆ?"

ಅತ್ತೆ ತಲೆ ತಗ್ಗಿಸಿದರು. ನನ್ನ ಬಾಯಿ ಈ ಸಲವೂ ಸುಮ್ಮನಿರಲಿಲ್ಲ. "ಅತ್ತೆ ಯಾವಾಗ್ಲೂ ನಂಗೇ ಹಾಕೋದು ಮಾವ. ಮೊದ್ಲು ಸಣ್ಣಗಿದೀಯ ಅಂತಿದ್ರು, ಆಮೇಲೆ ಮಗೂಗೆ ಅಂತಿದ್ರು." ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು. ನಾನು ಮನೆಗೆ ಬಂದ ವರ್ಷದ ಬೇಸಿಗೆಯಿಂದ ಆಕೆ ಒಂದು ತುಂಡನ್ನೂ ತಿಂದಿರಲಿಲ್ಲ. ಪಕ್ಕದಲ್ಲೇ ಕೂತು ಉಂಡ ನನಗೂ ಅದು ಕಂಡಿರಲಿಲ್ಲ.

ಅತ್ತೆ ಆಗ ಬಾಯಿ ಬಿಟ್ಟರು. "ವಾರ ಎಲ್ಲ ನಾನೇ ಕಟ್ಟಿದ್ದು, ಸುಳ್ಳು. ಹೇಳಿದ್ರೆ ನೀವು ಕೇಳೋರಲ್ಲ. ಹರಕೆ ಒಂದು ನಿಜ. ನೀವು ಏತ ಹತ್ತೋ ತನಕ ನಾನು ಬಾಡು ಮುಟ್ಟಲ್ಲ ಅಂತ ಗವಿ ಗಂಗಾಧರನ ಮುಂದೆ ಹೇಳ್ಕೊಂಡೆ. ಆ ಸುಳ್ಳಿಗೆ ದೇವ್ರು ನನ್ನ ಕೇಳ್ಲಿ, ನಿಮ್ಮನ್ನಲ್ಲ."

"ಒಂದೂವರೆ ವರ್ಷ," ಎಂದರು ಮಾವ. "ನಂಗ್ಯಾಕೆ ಕಾಣ್ಲಿಲ್ಲ?"

"ನೀವು ಉಂಡೆದ್ದ ಮೇಲೆ ತಾನೆ ನಾವು ಉಣ್ಣೋದು."

ಅದರಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು ಅಷ್ಟೆ. ಮಾವ ಕೋಲು ಬಿಟ್ಟು ಎಡೆಯ ಎಲೆಯ ಮುಂದೆ ನೆಲಕ್ಕೆ ಕೂತರು.

"ತಲೆಮಾಂಸ ಅಪ್ಪನಿಗೆ ಇಷ್ಟ," ಎಂದರು. "ಅವ್ವನಿಗೂ ಅದೇ ಅಂದ್ಕೊಂಡು ಇಡ್ತಾ ಬಂದೆ. ಅವ್ವ ಕಡೇಲಿ ಉಣ್ತಿದ್ಲು. ಅವ್ಳ ತಟ್ಟೇಲಿ ಏನಿತ್ತು ಅಂತ ನಾನು ಒಂದ್ಸಲಾನೂ ನೋಡ್ಲಿಲ್ಲ."

ನಮಗೆಲ್ಲ ಗೊತ್ತಿತ್ತು ಏನಿದ್ದಿರಬಹುದೆಂದು. ತಳದ ಸಾರು, ಹುಳುಕು ಬದನೆಕಾಯಿ. ಮಾವ ಅತ್ತರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಿ ನನಗೂ ಅಳು ಬಂತು. ಅತ್ತೆ ಮಾತ್ರ ಅಳಲಿಲ್ಲ, ಮುದ್ದೆ ಆರುತ್ತದೆ ಎಂದರು.

ಮಾರನೆಯ ದಿನ ಬೆಳಗ್ಗೆ ಕುಕ್ಕೆ ತುಂಬಿ ಹೊರಡುವ ಹೊತ್ತಿಗೆ ಮಾವ ಕುಂಟುತ್ತ ಬಂದು ಮೇಲಿನ ಸಾಲಿನ ಬದನೆಕಾಯಿಯನ್ನೆಲ್ಲ ಟವೆಲಿಗೆ ಸುರಿದುಕೊಂಡರು. ಅದು ಕಚೇರಿಯ ಚಕ್ರಪಾಣಿಗಳ ಮನೆಗೆ, ಅವರ ಮನೆಯಲ್ಲಿ ಇವತ್ತು ನೆಂಟರು ಎಂದು ನನ್ನ ಗಂಡ ತಡೆದರು. ಅವರಿಗೆ ನಾಳೆ ಕೊಟ್ಟರಾಯಿತು ಎಂದರು ಮಾವ. ಆ ಗಂಟನ್ನು ಅಡಿಗೆಮನೆಗೆ ತಂದು ಅತ್ತೆಯ ಮುಂದೆ ಇಟ್ಟರು.

"ಇವತ್ತು ಬುಧವಾರ," ಎಂದರು. "ನಮ್ಮವ್ವನ ವಾರ. ಇನ್ಮೇಲೆ ಮೊದಲ ಕಾಯಿ ಮನೇಗೆ."

ಹೀಗೆ ಬುಧವಾರಕ್ಕೂ ದೇವರು ಸಿಕ್ಕರು. ಅತ್ತೆ ಕಟ್ಟಿದ ಸುಳ್ಳು ವಾರಗಳನ್ನು ಮಾವ ಒಂದೊಂದಾಗಿ ನಿಜ ಮಾಡಿದರು. ಸೋಮವಾರ ತಾವೇ ಗವಿಗೆ ಹೋಗಿ ಹಣ್ಣುಕಾಯಿ ಮಾಡಿಸಿದರು, ಶುಕ್ರವಾರ ಬನಶಂಕರಿಗೆ ನಿಂಬೆಹಣ್ಣು ಕಳಿಸಿದರು. ಮಂಗಳವಾರ ಯಾವ ದೇವರ ಹಂಗೂ ಇಲ್ಲದೆ ಬಾಡು ಬಿಟ್ಟರು. ಭಾನುವಾರ ಮಾತ್ರ ಹಟ ಹಿಡಿದು ಕೂತಿತ್ತು. ಅದೂ ಸಂಕ್ರಾಂತಿಯ ಹೊತ್ತಿಗೆ ತಿಂಗಳಿಗೊಂದು ಭಾನುವಾರಕ್ಕೆ ಇಳಿಯಿತು. ನನಗೆ ಕಷ್ಟವಾಗಲಿಲ್ಲ ಎಂದರೆ ಸುಳ್ಳಾದೀತು. ಬಾಣಂತನದ ನೆಪದಲ್ಲಿ ತವರಿಗೆ ಹೋಗಿ ಮೂರು ತಿಂಗಳು ಚೆನ್ನಾಗಿಯೇ ತಿಂದು ಬಂದೆ. ಆದರೆ ಬರುವಾಗ ನಮ್ಮ ಬದನೆಕಾಯಿ ನೆನಪಾಗಿ ಬಾಯಲ್ಲಿ ನೀರೂರಿತ್ತು. ಮಗಳು ಹುಟ್ಟಿದ್ದಳು, ಅಣ್ಣಮ್ಮ ಎಂದು ಹೆಸರಿಟ್ಟರು.

ಯುಗಾದಿಗೆ ನಾಲ್ಕು ದಿನ ಮುಂಚೆ ಮಾವ ಏತ ಹತ್ತಿದರು. ನಾಲ್ಕು ಹೆಜ್ಜೆಯಲ್ಲ, ಹೊತ್ತು ನೆತ್ತಿಗೆ ಬರುವ ತನಕ. ಕೆರೆ ಕಡೆಯ ಒಣ ಮಡಿಗಳಿಗೆ ಎರಡು ವರ್ಷದ ಮೇಲೆ ನೀರು ಹರಿಯಿತು. ಅತ್ತೆ ಈ ಸಲ ಚಪ್ಪರದ ಮರೆಗೆ ಹೋಗಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಬಾವಿಕಟ್ಟೆಯ ಮೇಲೇ ನಿಂತರು.

ಯುಗಾದಿಯ ಮರುದಿನ ಹೊಸತೊಡಕು. ಅವತ್ತು ಬಾಡು ಬೇಯದಿದ್ದರೆ ವರ್ಷವೆಲ್ಲ ಬರಿಗೈ ಎನ್ನುತ್ತಾರೆ ನಮ್ಮಲ್ಲಿ, ಆದ್ದರಿಂದ ಬೇಯಿಸಿದೆವು. ಜೊತೆಗೆ ಎಣ್ಣೆಗಾಯಿಯೂ ಇತ್ತು. ಮಾವನಿಗೂ ನನ್ನ ಗಂಡನಿಗೂ ತಟ್ಟೆ ಇಟ್ಟು ಬಡಿಸಿ ಅತ್ತೆ ಹಿಂದಕ್ಕೆ ಸರಿದರು. ಮಾವ ತಟ್ಟೆಗೆ ಕೈಯಿಡಲಿಲ್ಲ.

"ನೀನೂ ಹಾಕ್ಕೊಂಡು ಬಾ. ನಿನ್ನ ತಟ್ಟೆ ನಂಗೆ ಕಾಣಂಗೆ ಕೂತ್ಕೋ."

ಅತ್ತೆ ನಾಚಿಕೊಂಡರು, ನನ್ನ ಮುಖ ನೋಡಿದರು, ಕೊನೆಗೆ ಎದುರಿಗೆ ಕೂತರು. ಮಾವ ಒಂದು ತುಂಡನ್ನು ಅವರ ತಟ್ಟೆಗೆ ಹಾಕಿದರು. ಹರಕೆ ತೀರಿತು, ತಿನ್ನು ಎಂದರು. ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಎರಡು ವರ್ಷದ ಮೇಲೆ ತಿನ್ನುತ್ತಿದ್ದಾರೆ, ಏನಂದಾರೋ ಎಂದು ನಾವು ಮೂವರೂ ನೋಡುತ್ತಿದ್ದೆವು. ಚೆನ್ನಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಬದನೆಕಾಯಿ ಉಳ್ದಿದ್ಯಾ ಸುಬ್ಬಮ್ಮ?"

ಉಳಿದಿರಲಿಲ್ಲ. ಒಲೆಯ ಮುಂದೆ ರುಚಿ ನೋಡುತ್ತ ನೋಡುತ್ತ ನಾನೇ ಎರಡು ಮುಗಿಸಿದ್ದೆ, ಕಡೆಯದನ್ನು ಮಾವನಿಗೆ ಬಡಿಸಿಯಾಗಿತ್ತು. ಮಾವ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡು ನಕ್ಕರು. ತಮ್ಮ ತಟ್ಟೆಯ ಅಂಚಿನಲ್ಲಿ ಇನ್ನೂ ಮುಟ್ಟದೆ ಇಟ್ಟುಕೊಂಡಿದ್ದ ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತಿ, ಅತ್ತೆಯ ತಟ್ಟೆಗೆ ಹಾಕಿದರು.